ಮಲ್ಲಯ್ಯನ ಒಕ್ಕಲಿನ ಸೊಸೆ: ಅಹಲ್ಯಾಬಾಯಿ ಹೋಳ್ಕರ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಜೇಜುರಿಯನ್ನು ನೋಡದವರು ವಿರಳ. ನಗರದಿಂದ ಐವತ್ತು ಕಿಲೋಮೀಟರಿನಷ್ಟು ದೂರ. ಮಿರಜಿಗೆ ಹೋಗುವ ರೈಲುದಾರಿಯಲ್ಲಿಯೇ ಸಿಕ್ಕುವ ಊರು. ಊರಿನಿಂದ ಬಂದ ತಾಯಿತಂದೆಗಳನ್ನು, ಹೊಸದಾಗಿ ಮದುವೆಯಾದ ಮಕ್ಕಳನ್ನು ಮುಂದಿಟ್ಟುಕೊಂಡು ನಾವು ಆ ಗುಡ್ಡದ ಮೆಟ್ಟಿಲು ಹತ್ತುತ್ತೇವೆ, ಭಂಡಾರ ತೂರುತ್ತೇವೆ, ಮೈಯೆಲ್ಲ ಹಳದಿಯಾಗಿ ಮನೆಗೆ ಮರಳುತ್ತೇವೆ. ಸುತ್ತಲಿನ ಮರಾಠಿ ಜನ ಯೇಳಕೋಟ ಎಂದು ಘೋಷ ಹಾಕುವಾಗ ನಮ್ಮ ಕಿವಿ ನೆಟ್ಟಗಾಗುವುದು ಸಹಜ. ಅದು ನಮ್ಮ ಏಳುಕೋಟಿಯೇ. ಅವರ ಖಂಡೋಬಾ ನಮ್ಮ ಮೈಲಾರಲಿಂಗ. ಅವರ ವಾಘ್ಯಾ ನಮ್ಮ ಗೊರವಪ್ಪ. ಅವರ ಬಾಣಾಯಿ ನಮ್ಮ ಕುರುಬತ್ಯವ್ವ. ಬಳ್ಳಾರಿಯ ಕಡೆಯ ಮೈಲಾರ, ರಾಣೆಬೆನ್ನೂರಿನ ಹತ್ತಿರದ ದೇವರಗುಡ್ಡ, ಬೆಳಗಾವಿ ಜಿಲ್ಲೆಯ ಮಂಗಸೂಳಿ, ಬೀದರದ ಬಳಿಯ ಮೈಲಾರ, ಹೀಗೆ ಸಾಲಾಗಿ ನಿಂತ ಮಲ್ಲಯ್ಯನ ಗುಡಿಗಳ ಬಳಗದಲ್ಲಿ ಜೇಜುರಿಯೂ ಒಂದು. 1956ರಲ್ಲಿ ರಾಜ್ಯಗಳಿಗೆ ಗೆರೆ ಎಳೆದವರು ದೇವರಿಗೆ ಗೆರೆ ಎಳೆಯಲಿಲ್ಲವೆಂಬುದು ನಮ್ಮ ಪುಣ್ಯ.

ಆದರೆ ದೇವರನ್ನು ಕಾಣುವ ಅವಸರದಲ್ಲಿ ಕಾಲಕೆಳಗಿನ ಕಲ್ಲನ್ನು ಯಾರು ಹಾಸಿಸಿದರೆಂದು ಕೇಳುವವರು ಕಡಿಮೆ. ಕೋಟೆಯಂತೆ ಗುಡಿಯನ್ನು ಸುತ್ತುವರಿದಿರುವ ಗೋಡೆ, ಕಮಾನುಗಳ ಸಾಲು, ಕಲ್ಲುಕೆಲಸ, ಇವುಗಳಲ್ಲಿ ಬಹುಪಾಲನ್ನು 18ನೆಯ ಶತಮಾನದಲ್ಲಿ ಮಾಡಿಸಿದವರು ಹೋಳ್ಕರ ಮನೆತನದವರು. ಊರಿನ ಪಕ್ಕದಲ್ಲಿ ಹೋಳ್ಕರ ಕೆರೆಯಿದೆ. ಮಲ್ಹಾರರಾವ್ ಹೋಳ್ಕರನ ನೆನಪಿಗಾಗಿ ಕಟ್ಟಿದ ಶಿವಾಲಯವೂ ಇದೆ. ಲಿಂಗದ ಹಿಂದೆ ಆತನೂ ಆತನ ಮೂವರು ಪತ್ನಿಯರೂ ಕಲ್ಲಾಗಿ ನಿಂತಿದ್ದಾರೆ. ಆ ಮನೆಗೆ ಸೊಸೆಯಾಗಿ ಬಂದ ಹೆಣ್ಣುಮಗಳ ಬಾಳನ್ನು ಈ ರಾಜ್ಯೋತ್ಸವದ ಸಂಚಿಕೆಯಲ್ಲಿ ನೆನೆಯುವುದು ಉಚಿತವೆಂದು ನಮಗೆ ತೋರಿತು. ಸಂಘದ ಕೆಲಸಕ್ಕೆ ಕೈಹಾಕಿದ ಪ್ರತಿಯೊಬ್ಬರೂ ಎಂದಾದರೊಂದು ದಿನ, ರಾತ್ರಿ ಹನ್ನೊಂದಕ್ಕೆ ಸಭಾಗೃಹದ ಕುರ್ಚಿ ಮಡಚಿಡುವಾಗಲೋ, ವರ್ಗಣಿಗಾಗಿ ಮೂರನೆಯ ಸಲ ಒಂದೇ ಮನೆಯ ಬಾಗಿಲು ತಟ್ಟುವಾಗಲೋ, ಇದರಿಂದ ನಮಗೆ ಬಂದುದೇನು ಎಂದು ತಮ್ಮನ್ನು ತಾವು ಕೇಳಿಕೊಂಡಿರುತ್ತಾರೆ. ಕೊಡುವುದನ್ನೇ ಬಾಳಿನ ಕೆಲಸವಾಗಿ ಮಾಡಿಕೊಂಡ ಅಹಲ್ಯಾಬಾಯಿಗೆ ಬಂದುದೇನು ಎಂದು ನೋಡಿದರೆ, ಲೆಕ್ಕ ಅಷ್ಟು ಸುಲಭವಾಗಿ ಕೂಡಿಬರುವುದಿಲ್ಲ.

ಹೋಳ್ಕರರು ಹುಟ್ಟಾ ಅರಸರಲ್ಲ. ನೀರಾ ನದಿಯ ದಡದ ಹೋಳ ಎಂಬ ಹಳ್ಳಿಯ ಧನಗರರು. ನಮ್ಮಲ್ಲಿಯ ಹಾಲುಮತದ ಕುರುಬರ ಬಂಧುಗಳು. ಊರಿನ ಹೆಸರೇ ಮನೆತನದ ಹೆಸರಾಯಿತು. 1693ರಲ್ಲಿ ಹುಟ್ಟಿದ ಮಲ್ಹಾರಿ, ತಂದೆ ತೀರಿದ ಮೇಲೆ ಖಾನದೇಶದಲ್ಲಿ ಸೋದರಮಾವನ ಆಶ್ರಯದಲ್ಲಿ ಬೆಳೆದು, ಕುದುರೆ ಸವಾರನಾಗಿ ಸೇನೆಗೆ ಸೇರಿ, ಪೇಶ್ವೆ ಬಾಜೀರಾಯನ ಬಲಗೈಯಾಗಿ ಮಾಳವ ಪ್ರಾಂತವನ್ನು ಕೈಗೂಡಿಸಿಕೊಂಡನು. ಎಷ್ಟು ಮೇಲೇರಿದರೂ ಜೇಜುರಿಯ ಒಕ್ಕಲುತನವನ್ನು ಬಿಡಲಿಲ್ಲ. ಆತನ ಹೆಸರೇ ದೇವರ ಹೆಸರಾಗಿರುವಾಗ ಬಿಡುವುದಾದರೂ ಹೇಗೆ?

ಅಹಲ್ಯೆ ಹುಟ್ಟಿದುದು 1725ರ ಮೇ 31ರಂದು, ಆಗ ಅಹ್ಮದನಗರದ ಸೀಮೆಗೆ ಸೇರಿದ್ದ ಚೌಂಡಿ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಮಾಣಕೋಜಿ ಶಿಂದೆ ಊರ ಪಾಟೀಲ. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದು ಅಪರೂಪವಾಗಿದ್ದ ಕಾಲದಲ್ಲಿ ಆತ ಮಗಳಿಗೆ ಓದುಬರಹ ಕಲಿಸಿದನು. ಪ್ರಯಾಣದ ದಾರಿಯಲ್ಲಿ ಚೌಂಡಿಯಲ್ಲಿ ಇಳಿದ ಮಲ್ಹಾರರಾಯನು ಗುಡಿಯಲ್ಲಿ ಸೇವೆ ಮಾಡುತ್ತಿದ್ದ ಈ ಹುಡುಗಿಯನ್ನು ಕಂಡು ಮೆಚ್ಚಿ ಸೊಸೆಯಾಗಿ ತಂದುಕೊಂಡನೆಂದು ಜನ ಹೇಳುತ್ತ ಬಂದಿದ್ದಾರೆ. 1733ರಲ್ಲಿ, ಎಂಟು ವರ್ಷದ ಆಕೆಗೆ ಮಲ್ಹಾರರಾಯನ ಒಬ್ಬನೇ ಮಗ ಖಂಡೇರಾಯನೊಡನೆ ಮದುವೆಯಾಯಿತು. ಆ ವಯಸ್ಸಿನ ಮದುವೆಗಳನ್ನು ಇಂದು ನಾವು ಒಪ್ಪಲಾರೆವು. ಆ ಕಾಲದ ಹಳ್ಳಿಯ ನಡೆ ಅದಾಗಿತ್ತು. ಮಾಲೇರಾಯನೆಂಬ ಗಂಡು, ಮುಕ್ತಾಬಾಯಿ ಎಂಬ ಹೆಣ್ಣು, ಇಬ್ಬರು ಮಕ್ಕಳಾದರು.

1754ರಲ್ಲಿ ಭರತಪುರದ ಜಾಟರ ಕುಂಭೇರಿ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಖಂಡೇರಾಯನು ಗುಂಡೇಟಿಗೆ ಬಲಿಯಾದನು. ಅಹಲ್ಯೆ ಆಗಿನ ಪದ್ಧತಿಯಂತೆ ಚಿತೆಯೇರಲು ಸಿದ್ಧಳಾದಳು. ಮುದುಕನಾಗುತ್ತಿದ್ದ ಮಲ್ಹಾರರಾಯನು ಆಕೆಯ ಮುಂದೆ ಕಣ್ಣೀರಿಟ್ಟು, ಮಗ ಹೋದ ಮೇಲೆ ನೀನೇ ನನಗೆ ಮಗನೆಂದು ಬೇಡಿಕೊಂಡು ತಡೆದನು. ಈ ಒಂದು ತಡೆ ಭರತಖಂಡದ ಎಷ್ಟು ಊರುಗಳಿಗೆ ಬಾವಿಯಾಗಿ, ಘಾಟಾಗಿ, ಛತ್ರವಾಗಿ ಒದಗಿತೆಂಬುದನ್ನು ಆ ದಿನ ಅಲ್ಲಿದ್ದ ಯಾರೂ ಊಹಿಸಿರಲಾರರು.

ಸೊಸೆಯನ್ನು ಬದುಕಿಸಿದ ಮಾವ ಆಕೆಯನ್ನು ಒಳಮನೆಯಲ್ಲಿ ಕೂಡಿಸಲಿಲ್ಲ. ತಾನು ದಂಡಿನ ಮೇಲೆ ಹೋದಾಗ ವಸೂಲಿ, ಲೆಕ್ಕಪತ್ರ, ಪಹರೆ, ಮದ್ದುಗುಂಡು ಎಲ್ಲವನ್ನೂ ಆಕೆಗೆ ಒಪ್ಪಿಸಿದನು. 1765ರಲ್ಲಿ ಆತ ಬರೆದ ಕಾಗದವೊಂದು ಉಳಿದಿದೆ: ಫಿರಂಗಿಗಳನ್ನು ತೆಗೆದುಕೊಂಡು ಗ್ವಾಲಿಯರಿಗೆ ಹೋಗಿ, ಅಲ್ಲಿ ಬೀಡುಬಿಟ್ಟು ಗುಂಡು ಎರಕ ಹೊಯ್ಯಿಸಬೇಕೆಂಬ ಅಪ್ಪಣೆ ಅದರಲ್ಲಿದೆ. ಮಾವ ಸೊಸೆಗೆ ಬರೆಯುವ ಕಾಗದವೆಂದರೆ ಹಬ್ಬಕ್ಕೆ ಬಾ, ಮಕ್ಕಳನ್ನು ಕರೆತಾ ಎಂಬುದಷ್ಟೇ ಎಂದು ತಿಳಿದಿರುವ ನಮಗೆ ಇದು ಬೇರೊಂದು ಲೋಕದ ಓಲೆಯಂತೆ ಕಾಣುತ್ತದೆ.

ಮರುವರ್ಷ, 1766ರಲ್ಲಿ, ಮಲ್ಹಾರರಾಯ ತೀರಿಕೊಂಡನು. ಗಾದಿಗೆ ಬಂದ ಮಾಲೇರಾಯನೂ ವರ್ಷ ತುಂಬುವುದರೊಳಗೆ, 1767ರಲ್ಲಿ, ರೋಗದಿಂದ ಸತ್ತನು. ಹಳೆಯ ದಿವಾನ ಗಂಗಾಧರ ಯಶವಂತನು, ಯಾವುದಾದರೊಂದು ಮಗುವನ್ನು ದತ್ತು ತೆಗೆದುಕೊಂಡು ಕಾರಭಾರವನ್ನು ತನಗೆ ಬಿಟ್ಟುಬಿಡಬೇಕೆಂದು ಸೂಚಿಸಿದನು. ಆಕೆ ಒಪ್ಪದಿರಲು ಪೇಶ್ವೆಯ ಚಿಕ್ಕಪ್ಪ ರಘುನಾಥರಾಯನನ್ನು ದಂಡಿನೊಡನೆ ಬರಮಾಡಿಕೊಂಡನು. ಆಕೆ ನೆರೆಯ ಸರದಾರರಿಗೆ ಓಲೆ ಕಳಿಸಿ ಬಲ ಕೂಡಿಸಿದಳು, ತಾನೇ ಕದನಕ್ಕೆ ನಿಲ್ಲುವ ಸಿದ್ಧತೆ ಮಾಡಿದಳು. ಗೆದ್ದರೆ ವಿಧವೆಯೊಬ್ಬಳನ್ನು ಗೆದ್ದ ಹೆಸರು, ಸೋತರೆ ಹೆಂಗಸಿಗೆ ಸೋತ ಹೆಸರು ಎಂಬುದನ್ನು ರಘುನಾಥರಾಯನಿಗೆ ತಿಳಿಯಹೇಳಿದಳು. ಆತ ಮಗನ ಸಾವಿಗೆ ಸಂತಾಪ ಹೇಳಲು ಬಂದವನೆಂದು ಮಾತು ತಿರುಗಿಸಿಕೊಂಡು ಹೊರಟುಹೋದನು. ಪುಣೆಯಿಂದ ಪೇಶ್ವೆ ಮಾಧವರಾಯನೂ ಆಕೆಯ ಪಕ್ಷವನ್ನೇ ಹಿಡಿದನು. ಸೇನೆಯ ಭಾರವನ್ನು ತುಕೋಜಿ ಹೋಳ್ಕರನಿಗೆ ವಹಿಸಿ, ತಾನು ನರ್ಮದೆಯ ದಡದ ಮಹೇಶ್ವರದಲ್ಲಿ ನೆಲೆಸಿ, ಮುಂದಿನ 28 ವರ್ಷ ಆಕೆ ರಾಜ್ಯವಾಳಿದಳು.

ಈಗ ನಾವು ಹೇಳಬೇಕೆಂದಿರುವ ಮುಖ್ಯ ಸಂಗತಿಗೆ ಬರುತ್ತೇವೆ. ಅಹಲ್ಯಾಬಾಯಿಯ ದಾನಧರ್ಮದ ಸುದ್ದಿ ಎಲ್ಲರಿಗೂ ಗೊತ್ತು. ಆ ಹಣ ಎಲ್ಲಿಂದ ಬಂತೆಂಬುದು ಅಷ್ಟು ಗೊತ್ತಿಲ್ಲ. ಹೋಳ್ಕರರ ಆಡಳಿತದಲ್ಲಿ ದೌಲತ್ ಬೇರೆ, ಖಾಸಗಿ ಬೇರೆ. ದೌಲತ್ ಎಂದರೆ ರಾಜ್ಯದ ಹುಟ್ಟುವಳಿ. ಸೇನೆ, ಸಂಬಳ, ಪೇಶ್ವೆಗೆ ಸಲ್ಲಬೇಕಾದುದು, ಎಲ್ಲ ಅದರಿಂದಲೇ. ಖಾಸಗಿ ಎಂದರೆ ಮನೆಯ ಹೆಣ್ಣುಮಕ್ಕಳ ಸ್ವಂತ ಉಂಬಳಿ. 1734ರಲ್ಲಿ ಬಾಜೀರಾಯನು ಮಲ್ಹಾರರಾಯನ ಪತ್ನಿ ಗೌತಮಾಬಾಯಿಯ ಹೆಸರಿಗೆ ಕೊಟ್ಟ ಈ ಖಾಸಗಿ ಜಹಗೀರು ಅತ್ತೆಯಿಂದ ಸೊಸೆಗೆ ಬಂದಿತ್ತು. ಅಹಲ್ಯಾಬಾಯಿ ಧರ್ಮಕಾರ್ಯಗಳನ್ನು ನಡೆಸಿದುದು ಈ ಖಾಸಗಿಯಿಂದ. ರೈತ ತೆತ್ತ ಕಂದಾಯವನ್ನು ಎತ್ತಿ ದೇವರಿಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳುವ ಅರಸರು ಬಹಳ ಮಂದಿ ಆಗಿಹೋಗಿದ್ದಾರೆ. ತನ್ನ ಪಾಲಿನದನ್ನು ತನ್ನದೆಂದು ಗುರುತಿಸಿ ಅದನ್ನಷ್ಟೇ ಕೊಟ್ಟವರು ಎಷ್ಟು ಮಂದಿ?

ಅಧಿಕಾರಕ್ಕೆ ಬಂದಾಗ ಆಕೆ ಖಾಸಗಿಯ ಭಂಡಾರದ ಮೇಲೆ ತುಳಸೀದಳವಿಟ್ಟು ನೀರೆರೆದು, ಅದನ್ನೆಲ್ಲ ಧರ್ಮಕ್ಕೆ ಮೀಸಲೆಂದು ಸಂಕಲ್ಪ ಮಾಡಿದಳಂತೆ. ಇದಕ್ಕೆ ಅಂಟಿಕೊಂಡ ಕಥೆಯೊಂದಿದೆ. ಯುದ್ಧದ ಖರ್ಚಿಗೆಂದು ರಘುನಾಥರಾಯ ಆ ಹಣಕ್ಕೆ ಕಣ್ಣು ಹಾಕಿದಾಗ, ಅದು ದಾನಕ್ಕೆ ಮೀಸಲಾದ ಹಣ, ತಾವು ಬ್ರಾಹ್ಮಣರು, ಮಂತ್ರ ಹೇಳಿ ದಾನವೆಂದು ಕೈಯೊಡ್ಡಿದರೆ ಧಾರಾಳವಾಗಿ ಕೊಡುವೆನೆಂದು ಆಕೆ ತಿಳಿಸಿದಳಂತೆ. ಪೇಶ್ವೆ ಮನೆತನದ ಸೇನಾಪತಿ ಕೈಯೊಡ್ಡುವನೆ! ಹಣ ಉಳಿಯಿತು. ಸಂಘದ ಖಜಾಂಚಿಗಳಾಗಿದ್ದವರಿಗೆ ಈ ಕಥೆಯ ರುಚಿ ಹೆಚ್ಚು ತಿಳಿದೀತು.

ಎರಡನೆಯದು, ಆಕೆ ಎಲ್ಲಿ ಕೊಟ್ಟಳೆಂಬುದು. ತನ್ನ ಪ್ರಜೆಗಳಿಗೆ ಕೊಡುವುದು ಅರಸರಿಗೆ ಕರ್ತವ್ಯವೂ ಹೌದು, ಲಾಭವೂ ಹೌದು. ಆದರೆ ಕಾಶಿಯ ಇಂದಿನ ವಿಶ್ವನಾಥನ ಗುಡಿಯನ್ನು ಆಕೆ 1780ರಲ್ಲಿ ಕಟ್ಟಿಸಿದಾಗ ಕಾಶಿ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಹೋಗಿ ಐದು ವರ್ಷಗಳಾಗಿದ್ದವು. 1783ರಲ್ಲಿ ಸೋಮನಾಥದ ಹಾಳು ಗುಡಿಯ ಬಳಿ ಹೊಸ ಗುಡಿ ಎಬ್ಬಿಸಿದಳು. 1787ರಲ್ಲಿ ಗಯೆಯ ವಿಷ್ಣುಪಾದ ಮಂದಿರವನ್ನು ಕಟ್ಟಿಸಿದಳು. ಇವೆಲ್ಲ ಆಕೆಗೆ ಒಂದು ರೂಪಾಯಿ ಕಂದಾಯ ಕೊಡದ, ಆಕೆಗೆ ನಮಸ್ಕಾರವನ್ನೂ ಸಲ್ಲಿಸಬೇಕಾಗಿರದ ನಾಡುಗಳು. ದಕ್ಷಿಣದಲ್ಲಿ ರಾಮೇಶ್ವರದವರೆಗೂ ಆಕೆಯ ಧರ್ಮ ನಡೆಯಿತು. ನಮ್ಮ ಗೋಕರ್ಣದಲ್ಲಿಯೂ ಆಕೆಯ ಅನ್ನಛತ್ರವಿತ್ತು. ಪಂಢರಪುರದ ಹೋಳ್ಕರವಾಡೆಯನ್ನಂತೂ ಆಷಾಢದ ವಾರಿಗೆ ಹೋದ ನಮ್ಮವರು ಕಂಡೇ ಇರುತ್ತಾರೆ. ದೂರದ ಗುಡಿಗಳಿಗೆ ವರ್ಷವರ್ಷವೂ ಗಂಗೆಯ ನೀರು ಕಾವಡಿಯಲ್ಲಿ ಹೋಗುವಂತೆ ಏರ್ಪಾಡು ಮಾಡಿದ್ದಳು. ಗುಡಿ ಕಟ್ಟಿಸಿ ಕೈತೊಳೆದುಕೊಳ್ಳದೆ, ದೀಪದ ಎಣ್ಣೆಗೆ, ಅರ್ಚಕನ ಸಂಬಳಕ್ಕೆ, ಛತ್ರದ ಅಕ್ಕಿಬೇಳೆಗೆ ಹುಟ್ಟುವಳಿಯನ್ನು ಹಚ್ಚಿಕೊಟ್ಟಿದ್ದಳು. ಪರ ಊರಿನಲ್ಲಿ ಬಾಳುತ್ತಿರುವ ನಮಗೆ ಇದರಲ್ಲಿ ಏನೋ ಒಂದು ತಟ್ಟುತ್ತದೆ. ಊರಿನ ಗುಡಿಯ ಜೀರ್ಣೋದ್ಧಾರಕ್ಕೆ, ಊರಿನ ಶಾಲೆಗೆ ನಾವು ಹಣ ಕಳಿಸುತ್ತೇವೆ, ಅದು ತಪ್ಪಲ್ಲ. ನಮಗೆ ನೀರು ಕೊಟ್ಟ, ಕೆಲಸ ಕೊಟ್ಟ, ಮಕ್ಕಳಿಗೆ ವಿದ್ಯೆ ಕೊಟ್ಟ ಈ ಊರಿನ ಓಣಿಯಲ್ಲಿ ನಾವು ಏನು ನೆಟ್ಟಿದ್ದೇವೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿರುತ್ತದೆ.

ದೊಡ್ಡ ಗುಡಿಗಳಿಗಿಂತ ನಮ್ಮ ಮನಸ್ಸನ್ನು ಸೆಳೆಯುವುದು ಆಕೆಯ ಸಣ್ಣ ಕೆಲಸಗಳು. ಬೇಸಗೆಯಲ್ಲಿ ದಾರಿಗಳ ಮೇಲೆ ಅರವಟ್ಟಿಗೆ ಇಡಿಸಿ ಬಂದುಹೋಗುವವರಿಗೆ ನೀರು ಕೊಡಿಸುತ್ತಿದ್ದಳು. ಚಳಿಗಾಲ ಹತ್ತಿರವಾದೊಡನೆ ಮುದುಕರಿಗೆ, ರೋಗಿಗಳಿಗೆ ಬಟ್ಟೆ ಹಂಚಿಸುತ್ತಿದ್ದಳು. ಮಹೇಶ್ವರದ ಸುತ್ತ ನಡುಹಗಲಿನಲ್ಲಿ ಉಳುವ ಎತ್ತುಗಳನ್ನು ನಿಲ್ಲಿಸಿ ಆಕೆಯ ಆಳುಗಳು ನೀರು ಕುಡಿಸುತ್ತಿದ್ದರು. ರೈತರು ತೆನೆಯ ಮೇಲಿನ ಹಕ್ಕಿಗಳನ್ನು ಓಡಿಸುವುದು ನ್ಯಾಯವೇ; ಹಾಗಾದರೆ ಹಕ್ಕಿಗಳು ತಿನ್ನುವುದೇನನ್ನು? ಬೆಳೆದು ನಿಂತ ಹೊಲಗಳನ್ನೇ ಕೊಂಡು ಹಕ್ಕಿಗಳಿಗಾಗಿ ಬಿಡಿಸಿದಳು. ಇದನ್ನು ಭಕ್ತರು ಕಟ್ಟಿದ ಕಥೆಯೆಂದು ತಳ್ಳಿಬಿಡುವಂತಿಲ್ಲ. ಬರೆದಿಟ್ಟವನು ಜಾನ್ ಮಾಲ್ಕಂ, 1817ರಲ್ಲಿ ಮಹೀದಪುರದ ಕಾಳಗದಲ್ಲಿ ಹೋಳ್ಕರರ ಸೇನೆಯನ್ನು ಮುರಿದ ಬ್ರಿಟಿಷ್ ಸೇನಾನಿ. ಗೆದ್ದ ನಾಡಿನಲ್ಲಿ ಊರೂರು ವಿಚಾರಿಸಿ, ಹೊಗಳಿಕೆ ಅತಿಯಾಗಿರಬಹುದೆಂಬ ಸಂಶಯದಿಂದ ಬೇರೆಬೇರೆ ಜನರನ್ನು ಕೇಳಿ, ಎಲ್ಲೆಡೆಯೂ ಒಂದೇ ಉತ್ತರ ಬಂದುದರಿಂದ ಸೋತು, 1823ರ ತನ್ನ ಗ್ರಂಥದಲ್ಲಿ ಇದನ್ನೆಲ್ಲ ದಾಖಲಿಸಿದನು. ನಿಜಾಮನೂ ಮೈಸೂರಿನ ಟೀಪುವೂ ಪೇಶ್ವೆಯಂತೆಯೇ ಆಕೆಯನ್ನು ಗೌರವದಿಂದ ಕಾಣುತ್ತಿದ್ದರೆಂಬ ಸಂಗತಿಯೂ ನಮಗೆ ಆತನಿಂದಲೇ ತಿಳಿದಿದೆ.

ಆಕೆಯ ದಿನಚರಿಯೂ ಆ ಗ್ರಂಥದಲ್ಲಿದೆ. ಬೆಳಗಾಗುವ ಮೊದಲೇ ಏಳುವುದು, ಪೂಜೆ, ಪುರಾಣಶ್ರವಣ, ತನ್ನ ಎದುರಿನಲ್ಲಿಯೇ ದಾನ ಮತ್ತು ಊಟದ ಪಂಕ್ತಿ. ಆಮೇಲೆ ತನ್ನ ಸರಳ ಊಟ, ತುಸು ವಿಶ್ರಾಂತಿ. ಮಧ್ಯಾಹ್ನ ಎರಡರ ಸುಮಾರಿಗೆ ದರ್ಬಾರು, ಸಂಜೆಯವರೆಗೆ. ಪೂಜೆ ಫಲಾಹಾರಗಳಾದ ಮೇಲೆ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಮತ್ತೆ ಕೆಲಸ. ಯಾರು ಬಂದರೂ ಅಹವಾಲನ್ನು ತಾನೇ ಕೇಳುತ್ತಿದ್ದಳು. ಗಂಡ ಸತ್ತ ಹೆಂಗಸಿನ ಆಸ್ತಿಯನ್ನು ಸರಕಾರಕ್ಕೆ ಸೆಳೆದುಕೊಳ್ಳಲು ಅಧಿಕಾರಿಗಳು ಹವಣಿಸಿದಾಗ ಅದಕ್ಕೆ ಅವಕಾಶ ಕೊಡಲಿಲ್ಲ. ಬೇರೆ ಕಡೆಗಳಿಂದ ನೇಕಾರರನ್ನು ಕರೆಸಿ ಮಹೇಶ್ವರದಲ್ಲಿ ಮಗ್ಗ ಹೂಡಿಸಿದಳು.

ಹೆಸರಿನ ವಿಷಯವನ್ನೂ ಇಲ್ಲಿ ಹೇಳಿಬಿಡಬೇಕು. ನಮ್ಮ ಗುಡಿಗಳಲ್ಲಿ, ಸಭಾಗೃಹಗಳಲ್ಲಿ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ದಾನಿಯ ಹೆಸರು ಬರೆದಿರುವುದುಂಟು. ಫ್ಯಾನು ತಿರುಗಿದರೆ ಹೆಸರು ಕಾಣದು, ಹೆಸರು ಕಾಣಬೇಕಾದರೆ ಗಾಳಿಯಿಲ್ಲ. ಅಹಲ್ಯಾಬಾಯಿಯನ್ನು ಹೊಗಳಿ ಪಂಡಿತನೊಬ್ಬನು ಗ್ರಂಥವನ್ನೇ ಬರೆದು ತಂದನು. ಆಕೆ ತಾಳ್ಮೆಯಿಂದ ಪೂರ್ತಿ ಕೇಳಿದಳು. ತಾನು ಇಷ್ಟು ಹೊಗಳಿಕೆಗೆ ತಕ್ಕವಳಲ್ಲದ ಪಾಮರಳೆಂದು ಹೇಳಿ, ಗ್ರಂಥವನ್ನು ನರ್ಮದೆಯಲ್ಲಿ ಬಿಡಿಸಿದಳು. ಕವಿಯ ಕಡೆಗೆ ಮತ್ತೆ ತಿರುಗಿ ನೋಡಲಿಲ್ಲ. ಪಂಡಿತನ ಪಾಡನ್ನು ನೆನೆದರೆ ಲೇಖನ ಬರೆಯುವ ನಮಗೆ ತುಸು ಕನಿಕರವಾಗುತ್ತದೆ.

ಹೊಗಳಿಕೆಯನ್ನು ನೀರಿಗೆ ಬಿಟ್ಟವಳಿಗೆ ಮನೆಯ ಸುಖವಾದರೂ ಉಳಿಯಿತೆ? ಅದೂ ಇಲ್ಲ. ಪುಣ್ಯ ಮಾಡಿದವರಿಗೆ ದೇವರು ಒಳ್ಳೆಯದನ್ನೇ ಮಾಡುತ್ತಾನೆಂದು ಮಕ್ಕಳಿಗೆ ಹೇಳುವ ನಾವು, ಆಕೆಯ ಕಡೆಯ ವರ್ಷಗಳನ್ನು ಓದುವಾಗ ಮಾತು ನುಂಗಬೇಕಾಗುತ್ತದೆ. ಗಂಡ, ಅತ್ತೆ, ಮಾವ, ಮಗ ಮೊದಲೇ ಹೋಗಿದ್ದರು. 1790ರಲ್ಲಿ ಮಗಳ ಮಗ ನಥ್ಯಾಬಾ ಎಳೆಹರೆಯದಲ್ಲಿಯೇ ಸತ್ತನು. ಮರುವರ್ಷ ಅಳಿಯ ಯಶವಂತರಾವ್ ಫಣಸೆ ತೀರಿಕೊಂಡನು. ಮುಕ್ತಾಬಾಯಿ ಸಹಗಮನಕ್ಕೆ ನಿಂತಳು. ತಾಯಿ ಕಾಲು ಹಿಡಿದು ಬೇಡಿದಳು. ಈ ಲೋಕದಲ್ಲಿ ತನ್ನವರೆಂದು ಇನ್ನಾರೂ ಇಲ್ಲವೆಂದಳು. ಮುದುಕಿಯಾದ ನೀನು ಹೋದ ಮೇಲೆ ನನಗಾರು ಎಂಬ ಮಗಳ ಮಾತಿಗೆ ತಾಯಿಯಲ್ಲಿ ಉತ್ತರವಿರಲಿಲ್ಲ. ಮಾವನೊಬ್ಬ ಸೊಸೆಯನ್ನು ಚಿತೆಯಿಂದ ತಡೆದಿದ್ದನು. ಆ ಸೊಸೆ ರಾಜ್ಯವಾಳುವವಳಾಗಿಯೂ ಹೆತ್ತ ಮಗಳನ್ನು ತಡೆಯಲಾರದೆ ಹೋದಳು. ನರ್ಮದೆಯ ದಡದಲ್ಲಿ ಚಿತೆ ಉರಿಯುವಾಗ ಇಬ್ಬರು ಆಕೆಯ ತೋಳು ಹಿಡಿದು ನಿಂತಿದ್ದರು. ಮೂರು ದಿನ ಸರಿಯಾಗಿ ಅನ್ನ ಮುಟ್ಟಲಿಲ್ಲ, ಮಾತಾಡಲಿಲ್ಲ.

ಮೂರು ದಿನದ ಮೇಲೆ ಎದ್ದು ಮತ್ತೆ ಕೆಲಸಕ್ಕೆ ಕೂತಳು. ಇನ್ನೂ ನಾಲ್ಕು ವರ್ಷ ಬದುಕಿದಳು. ಛತ್ರಗಳಿಗೆ ಅಕ್ಕಿ ಹೋಗಬೇಕಾಗಿತ್ತು, ಕಾವಡಿಗಳು ಹೊರಡಬೇಕಾಗಿತ್ತು, ಬೇಸಗೆ ಬಂದರೆ ಅರವಟ್ಟಿಗೆ ಇಡಿಸಬೇಕಾಗಿತ್ತು. ಆಕೆಗೆ ಸಂದ ಫಲವೇನಾದರೂ ಇದ್ದರೆ ಅದು ಇದೇ ಎಂದು ನಮಗೆ ತೋರುತ್ತದೆ: ಮನೆ ಬರಿದಾದ ಬೆಳಗಿನಲ್ಲಿಯೂ ಏಳಲು ಕಾರಣವೊಂದು ಉಳಿದಿತ್ತು, ಆಕೆಯ ದಾರಿ ಕಾಯುವ ಜನ ಅಂಗಳದಲ್ಲಿದ್ದರು. ನಮ್ಮ ಸಂಘದಲ್ಲಿಯೂ ಮಕ್ಕಳು ಪರದೇಶಕ್ಕೆ ಹೋಗಿ, ಜೊತೆಯವರನ್ನು ಕಳೆದುಕೊಂಡು, ಆದರೂ ಹಬ್ಬದ ಹಿಂದಿನ ದಿನ ಎಲ್ಲರಿಗಿಂತ ಮೊದಲು ಬಂದು ತರಕಾರಿ ಹೆಚ್ಚಲು ಕೂರುವ ಹಿರಿಯರಿದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1795ರ ಆಗಸ್ಟ್ 13ರಂದು ಮಹೇಶ್ವರದಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ ಅಹಲ್ಯಾಬಾಯಿ ತೀರಿಕೊಂಡಳು. ರಾಜ್ಯ ಬಹುಕಾಲ ನೆಮ್ಮದಿಯಿಂದಿರಲಿಲ್ಲ. ತುಕೋಜಿಯ ಮಕ್ಕಳ ಕಾಲದಲ್ಲಿ ಕಲಹ, ಲೂಟಿ, ಕೊನೆಗೆ ಇಂಗ್ಲಿಷರು. 1948ರಲ್ಲಿ ಹೋಳ್ಕರ ಸಂಸ್ಥಾನವು ಮಧ್ಯಭಾರತದಲ್ಲಿ ವಿಲೀನವಾಯಿತು. ಖಾಸಗಿಯ ಗುಡಿ, ಘಾಟು, ಧರ್ಮಶಾಲೆಗಳನ್ನು ನೋಡಿಕೊಳ್ಳಲು 1962ರಲ್ಲಿ ಆಕೆಯ ಹೆಸರಿನಲ್ಲಿಯೇ ಒಂದು ಟ್ರಸ್ಟ್ ಏರ್ಪಟ್ಟಿತು. ಆಸ್ತಿಗಳ ವಿಷಯದಲ್ಲಿ ಎದ್ದ ವಿವಾದ 2022ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನವರೆಗೂ ಹೋಯಿತು. ಕಟ್ಟುವುದಕ್ಕಿಂತ ಕಟ್ಟಿದ್ದನ್ನು ಕಾಯುವುದಕ್ಕೆ ಹೆಚ್ಚು ಜನ ಬೇಕಾಗುತ್ತಾರೆ.

ಹೆಸರು ಬೇಡವೆಂದವಳ ಹೆಸರು ಈಗ ಎಲ್ಲೆಲ್ಲಿಯೂ ಇದೆ. ಇಂದೂರಿನ ವಿಶ್ವವಿದ್ಯಾಲಯಕ್ಕೆ, ವಿಮಾನ ನಿಲ್ದಾಣಕ್ಕೆ ಆಕೆಯ ಹೆಸರು. 2021ರಲ್ಲಿ ಜೇಜುರಿಯಲ್ಲಿಯೂ ಕಾಶಿಯ ಹೊಸ ಪ್ರಾಂಗಣದಲ್ಲಿಯೂ ಆಕೆಯ ಪ್ರತಿಮೆಗಳನ್ನು ನಿಲ್ಲಿಸಿದರು. ಆಕೆ ಹುಟ್ಟಿದ ಜಿಲ್ಲೆಯೇ ಅಹಿಲ್ಯಾನಗರವಾಗಿದೆ. ಮಹೇಶ್ವರದ ಮಗ್ಗಗಳು ನಡುವೆ ಸೊರಗಿ, 1970ರ ದಶಕದ ಕೊನೆಯಲ್ಲಿ ಹೋಳ್ಕರ ಮನೆತನದವರ ಪ್ರಯತ್ನದಿಂದ ಮತ್ತೆ ಸದ್ದು ಮಾಡತೊಡಗಿದವು. ಅಲ್ಲಿ ಹೆಣ್ಣುಮಕ್ಕಳೇ ಹೆಚ್ಚಾಗಿ ನೇಯುತ್ತಾರೆ. ಕೋಟೆಯ ಗೋಡೆಯ ಮೇಲಿನ ಚಿತ್ತಾರ, ನರ್ಮದೆಯ ಅಲೆಯ ಗೆರೆ ಆ ಸೀರೆಗಳ ಅಂಚಿನಲ್ಲಿ ಬರುತ್ತವೆ. ಲಕ್ಷ್ಮೀ ರಸ್ತೆಯ ಅಂಗಡಿಗಳಲ್ಲಿ ನಮ್ಮ ಇಳಕಲ್ಲಿನ ಸೀರೆಯ ಪಕ್ಕದಲ್ಲಿಯೇ ಅವನ್ನೂ ಮಡಚಿಟ್ಟಿರುತ್ತಾರೆ.